ಏಳನೆಯ ಫ್ರೆಟ್ಟಿನ ಸುಳ್ಳು

ಲಾಕ್‌ಡೌನ್ ಕಳೆದ ಮರುವರ್ಷದ ಮಾತು. ನಾನು ಕಲ್ಯಾಣಪುರದಲ್ಲಿ ತಂತಿವಾದ್ಯ ರಿಪೇರಿಯ ಅಂಗಡಿ ತೆರೆದು ಆಗ ಇಪ್ಪತ್ತಾರು ವರ್ಷವಾಗಿತ್ತು. ವೀಣೆ, ವಯಲಿನ್, ಗಿಟಾರ್ ಎಲ್ಲ ಬರುತ್ತಿದ್ದವು. ಮ್ಯಾಂಡೊಲಿನ್ ಮಾತ್ರ ನಾನೂ ನುಡಿಸುತ್ತಿದ್ದ ವಾದ್ಯ. ನನ್ನ ನಾಲಗೆ ಕೆಟ್ಟದ್ದು ಎಂಬ ಹೆಸರೂ ಅಷ್ಟರಲ್ಲಿ ಊರಿಡೀ ಹರಡಿತ್ತು. ಅದು ಸುಳ್ಳಲ್ಲ.

ಮಣಿಪಾಲದಲ್ಲಿ ಮ್ಯಾಂಡೊಲಿನ್ ಕಲಿಸುವ ಮಾಸ್ಟ್ರೊಬ್ಬರಿದ್ದರು. ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ಶಿಷ್ಯರಿಗೆ ವಾದ್ಯವನ್ನು ತಮಗೆ ಬೇಕಾದ ತಯಾರಕನಿಂದಲೇ ಕೊಡಿಸುತ್ತಿದ್ದರು, ನನ್ನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಹೊಸ ವಾದ್ಯದ ಮೊದಲ ನಾದ ಗುರುವಿನ ಕೈಯಿಂದಲೇ ಹೊರಡಬೇಕು ಎಂಬುದು ಅವರ ಪದ್ಧತಿ. ಅಲ್ಲಿಯವರೆಗೆ ಶಿಷ್ಯರು ತಂತಿ ಮುಟ್ಟುವಂತಿಲ್ಲ; ಗುರುಗಳು ನಾಲ್ಕು ಸಂಗತಿ ನುಡಿಸಿದ ಮೇಲೆ ಕಾಲಿಗೆರಗಿ ತೆಗೆದುಕೊಳ್ಳಬೇಕು. ಭಕ್ತಿಯೇನೋ ಸರಿ. ಆದರೆ ಚಪ್ಪಲಿ ಕೊಳ್ಳುವಾಗಲೂ ನಾವು ಒಮ್ಮೆ ಕಾಲಿಗೆ ಹಾಕಿ ನೋಡುತ್ತೇವೆ.

ಜಯಂತಿ ಕಾಪುವಿನ ಮೀನು ವ್ಯಾಪಾರದ ಮನೆಯವರು, ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ವಯಸ್ಸು ನಲವತ್ತು ದಾಟಿತ್ತು. ಒಂಬತ್ತು ವರ್ಷ ಕಾರ್ಖಾನೆಯ ಪ್ಲೈವುಡ್ ಮ್ಯಾಂಡೊಲಿನ್ನಿನಲ್ಲೇ ಕಲಿತವರು, ತಮ್ಮೂರಿನ ಭಜನಾ ಮಂದಿರದಲ್ಲಿ ಮೊದಲ ಕಛೇರಿ ನಿಶ್ಚಯವಾದಾಗ, ಕೈಯಿಂದ ಮಾಡಿದ ಒಳ್ಳೆಯ ವಾದ್ಯವೊಂದನ್ನು ಮಾಸ್ಟ್ರ ಮೂಲಕ ತರಿಸಿದರು. ತಿಂಗಳೊಳಗೆ ಅದನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬಂದರು.

"ಅಣ್ಣ, ಹೊಸದು ನನ್ನ ಕೈಗೆ ಕೂರುವುದಿಲ್ಲ. ಒಮ್ಮೆ ನೋಡ್ತೀರಾ?"

ಯಾರ ಶಿಷ್ಯೆ ಎಂದು ಕೇಳಿದೆ. ಹೇಳಿದರು. "ಹಾಗಾದರೆ ಕೊಡಿಸಿದವರಿಗೇ ತೋರಿಸಿ. ಅವರ ಕೊಳೆ ತೊಳೆಯುವ ಕೆಲಸ ನನಗಿಲ್ಲ" ಎಂದೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಲೂ ಬಿಡಲಿಲ್ಲ.

ನಾಲ್ಕು ತಿಂಗಳ ನಂತರ ಅವರು ಮತ್ತೆ ಬಂದರು, ಈ ಸಲ ಮಾರಲಿಕ್ಕೆ. ಮಾಸ್ಟ್ರು ಉಳಿದ ಶಿಷ್ಯರ ಎದುರಲ್ಲೇ "ನಿಮಗೆ ಶ್ರುತಿಜ್ಞಾನವಿಲ್ಲ, ಭಜನೆಗೆ ತಾಳ ಹಾಕಿದರೆ ಸಾಕು" ಎಂದು ಹೇಳಿ ಕಛೇರಿಯನ್ನು ಮುಂದೂಡಿಸಿದ್ದರು. "ತೆಗೊಳ್ಳುವವರು ಯಾರಾದರೂ ಉಂಟಾ? ನಾನು ನುಡಿಸುವುದನ್ನೇ ಬಿಟ್ಟೆ" ಎಂದರು ಜಯಂತಿ. ಮಾರಿಸಬೇಕಾದರೆ ಪರೀಕ್ಷಿಸಬೇಕಲ್ಲ, ಅದಕ್ಕಾಗಿ ಪೆಟ್ಟಿಗೆ ತೆರೆದೆ.

ನೋಡಲಿಕ್ಕೆ ಬಹಳ ಚೆಂದದ ವಾದ್ಯ. ಪದರ ಅಂಟಿಸದ ಗಟ್ಟಿ ಮರ, ಕೈಯಿಂದ ಉಜ್ಜಿದ ಪಾಲಿಶ್. ಮೊಬೈಲಿನಲ್ಲಿ ತಂಬೂರಿ ಹಾಕಿ ಶ್ರುತಿ ಸೇರಿಸಿದೆ. ಬಿಟ್ಟ ತಂತಿಗಳು, ಅಂದರೆ ಬೆರಳಿಡದೆ ಮೀಟುವ ಸಾ ಮತ್ತು ಪಾ ತಂತಿಗಳು, ಸರಿಯಾಗಿ ಕೂತವು. ಸಾ ತಂತಿಯನ್ನು ಏಳನೆಯ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ ಮೇಲಿನ ಏಳನೆಯ ಲೋಹದ ಪಟ್ಟಿಯಲ್ಲಿ, ಒತ್ತಿದರೆ ಪಂಚಮ ಬರಬೇಕು. ಬಂದದ್ದು ಏರಿಹೋದ ಪಂಚಮ. ಪಂಚಮ ಅಚಲ ಸ್ವರ, ಕೂದಲೆಳೆ ತಪ್ಪಿದರೂ ತಂಬೂರಿಯೊಡನೆ ಜಗಳವಾಡುತ್ತದೆ. ಉಕ್ಕಿನ ಸ್ಕೇಲು ಇಟ್ಟು ಅಳೆದೆ. ತಂತಿಯ ಉದ್ದ 350 ಮಿಲಿಮೀಟರ್. ಏಳನೆಯ ಫ್ರೆಟ್ ಕುತ್ತಿಗೆಯ ತುದಿಯಿಂದ 116.4ರಲ್ಲಿ ಇರಬೇಕಿತ್ತು, ಇದ್ದದ್ದು 119ರಲ್ಲಿ. ಅಷ್ಟು ಪುಟ್ಟ ವಾದ್ಯದಲ್ಲಿ ಇದು ದೊಡ್ಡ ತಪ್ಪು. ಜಯಂತಿಯ ಬೆರಳಿನಲ್ಲಿ ಯಾವ ದೋಷವೂ ಇರಲಿಲ್ಲ.

ಗುರುಗಳು ಮೊದಲ ದಿನ ಹೇಗೆ ನುಡಿಸಿದರು ಎಂದು ಕೇಳಿದೆ. ಜಯಂತಿ ತೋರಿಸಿದರು: ಪಂಚಮ ಬಂದಾಗಲೆಲ್ಲ ಬಿಟ್ಟ ಪಾ ತಂತಿ. ಪಳಗಿದ ಕೈ ರಸ್ತೆಯ ಹೊಂಡ ತಪ್ಪಿಸುವಂತೆ ತಪ್ಪಿಸಿಕೊಂಡು ಹೋಗಿತ್ತು. ನನಗೆ ಮೈ ಉರಿಯಿತು. ಮರುದಿನವೇ, ಕ್ಲಾಸು ನಡೆಯುವ ಹೊತ್ತಿಗೆ ಸರಿಯಾಗಿ ಜಯಂತಿಯನ್ನು ಕರೆದುಕೊಂಡು ಮಣಿಪಾಲಕ್ಕೆ ಹೋದೆ.

"ಎಂತ ಮಾರಾಯ್ರೆ, ಜಗಳಕ್ಕೆ ಬಂದದ್ದಾ?" ಎಂದರು ಮಾಸ್ಟ್ರು.

"ಹೌದು. ಇದರಲ್ಲಿ ಒಂದು ಪಂಚಮ ನುಡಿಸಿ, ಹೋಗ್ತೇನೆ."

ಅವರು ವಾದ್ಯವನ್ನು ತೊಡೆಯ ಮೇಲಿಟ್ಟು ಬಿಟ್ಟ ತಂತಿಯನ್ನು ಮೀಟಿದರು.

"ಅದಲ್ಲ. ಸಾ ತಂತಿಯಲ್ಲಿ, ಏಳನೆಯ ಫ್ರೆಟ್ಟಿನದ್ದು."

ತಂಬೂರಿ ನುಡಿಯುತ್ತಿತ್ತು, ಎಂಟು ಮಂದಿ ಶಿಷ್ಯರು ಕೂತಿದ್ದರು, ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ನುಡಿಸಿದರು. ಎಲ್ಲರಿಗೂ ಕೇಳಿಸಿತು. "ಹೊಸ ವಾದ್ಯ ಅಲ್ವಾ, ನುಡಿಸಿ ನುಡಿಸಿ ಪಳಗಬೇಕು" ಎಂದರು.

ಜಯಂತಿ ಮಾಸ್ಟ್ರ ತೊಡೆಯ ಮೇಲಿಂದ ವಾದ್ಯವನ್ನು ಎತ್ತಿಕೊಂಡರು. "ಫ್ರೆಟ್ ಪಳಗುವುದಿಲ್ಲ ಮಾಸ್ಟ್ರೆ. ಶ್ರುತಿ ತಪ್ಪಿದ್ದು ನನ್ನ ಕೈಯಲ್ಲ ಅಂತ ಇವರೆಲ್ಲರ ಎದುರು ಹೇಳಿ." ಅವರು ಪಕ್ಕದ ಶಿಷ್ಯನತ್ತ ತಿರುಗಿ ಪಾಠ ಮುಂದುವರಿಸಿದರು.

ಹೊರಗೆ ಬಂದಾಗ ನಾನು ಗೆದ್ದ ಹುಂಜದಂತೆ ಬೀಗುತ್ತಿದ್ದೆ. ಹೊಸ ಫ್ರೆಟ್‌ಬೋರ್ಡ್ ನಾನೇ ಕೂರಿಸಿ ಕೊಡುತ್ತೇನೆ ಎಂದೆ.

"ಬೇಡ ಅಣ್ಣ," ಎಂದರು ಅವರು. "ಮಾಸ್ಟ್ರು ಸುಳ್ಳು ಹೇಳಿದ್ರು, ನೀವು ಪೆಟ್ಟಿಗೆ ತೆರೆಯಲೇ ಇಲ್ಲ. ನಾಲ್ಕು ತಿಂಗಳು ನಾನು ನನ್ನ ಬೆರಳಿಗೇ ಬೈದುಕೊಂಡೆ. ಇವತ್ತು ನೀವು ಬಂದದ್ದು ಸಹ ನನಗಾಗಿ ಅಲ್ಲ."

ಅವರು ಕಾರ್ಕಳದಲ್ಲಿ ಇನ್ನೊಬ್ಬರಿಂದ ಅದನ್ನು ಸರಿಮಾಡಿಸಿಕೊಂಡರು. ಕಛೇರಿ ನಡೆದ ಸಂಜೆ ಕರೆಯದಿದ್ದರೂ ಕಾಪುವಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಬಿಟ್ಟ ತಂತಿಯ ಆಸರೆ ಇಲ್ಲದೆ ನುಡಿಸಿದರು, ಪಂಚಮ ತಂಬೂರಿಯಲ್ಲಿ ಕರಗಿಹೋಗುತ್ತಿತ್ತು. ನನ್ನನ್ನು ನೋಡಿದರು, ಮಾತಾಡಿಸಲಿಲ್ಲ. ನನಗೆ ನೋವಾಯಿತು, ಆಗಬೇಕಾದದ್ದೇ.

ಒಳ್ಳೆಯ ವಾದ್ಯ ಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಮರ, ಪಾಲಿಶ್, ಮಾಡಿದವರ ಹೆಸರು ಎಲ್ಲ ಆಮೇಲೆ, ತಂಬೂರಿ ಹಾಕಿ ಒಂದೊಂದು ಫ್ರೆಟ್ಟನ್ನೂ ನಿಮ್ಮ ಬೆರಳಿನಿಂದಲೇ ಒತ್ತಿ ಕೇಳಿ. ನಾನು ಕಲಿತ ಪಾಠ ಬೇರೆ. ಅಂಗಡಿಗೆ ಬಂದವರನ್ನು ನಾನೀಗ ಗುರು ಯಾರು ಎಂದು ಕೇಳುವುದಿಲ್ಲ.