ಯಾರ ರಿಕ್ಷಾ ಹತ್ತಲಿ?

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ಇಳೀರಿ” ಎಂದಳು ರಿಕ್ಷಾ ಓಡಿಸುವ ಹೆಂಗಸು. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನಿಂದ ಹೊರಬಂದು ಆಗಷ್ಟೇ ಅವಳ ಎಲೆಕ್ಟ್ರಿಕ್ ರಿಕ್ಷಾದಲ್ಲಿ ಕೂತಿದ್ದೆ. ಬಡ ಮನೆಯ ಹೆಂಗಸರಿಗೆ ಸರ್ಕಾರದ ಸಬ್ಸಿಡಿಯಲ್ಲಿ ಸಿಗುವ, ಹೊಗೆಯಿಲ್ಲದ ಗುಲಾಬಿ ಗಾಡಿ. ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಅವಳೂ ಕನ್ನಡದಲ್ಲೇ ಹೇಳಿದಳು: “ಹಿಂದಿನ ರಿಕ್ಷಾ ನನ್ನ ಗಂಡಂದು. ಹಳೇ ಗಾಡಿ ಅಂತ ಯಾರೂ ಹತ್ತಲ್ಲ. ಸಂಜೆಯಾದ್ರೂ ಬೋಣಿಯಾಗಿಲ್ಲ. ನಾನು ಕಳಿಸಿದೆ ಅನ್ಬೇಡಿ.”

ಏನೂ ತೋಚದೆ ಇಳಿದು ಹಿಂದಿನದಕ್ಕೆ ಹತ್ತಿದೆ. ಗಡಗಡ ಸದ್ದು ಮಾಡುತ್ತಾ ಗಾಡಿ ಹೊರಟಿತು. ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಇಳಿಯುವಾಗ ಆತನೂ ಕನ್ನಡದಲ್ಲೇ ಮೆಲ್ಲಗೆ ಕೇಳಿದ, “ಅವಳೇ ಕಳಿಸಿದ್ದಲ್ವಾ?” ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕತೊಡಗಿದೆ.

“ನಾಳೆ ಅವಳ ಗಾಡಿಯಲ್ಲೇ ಬನ್ನಿ ಅಕ್ಕ. ಸಬ್ಸಿಡಿಗೆ ಓಡಾಡಿ ಅದನ್ನ ಕೊಡಿಸಿದ್ದು ನಾನೇ. ಅದು ಖಾಲಿ ನಿಂತ್ರೆ ನಂಗೆ ನೋಡೋಕಾಗಲ್ಲ” ಎಂದ.

ಮರುದಿನ ಸಂಜೆ ಸ್ಟೇಷನ್ನಿನ ಹೊರಗೆ ಎರಡೂ ರಿಕ್ಷಾಗಳು ಒಂದರ ಹಿಂದೊಂದು ನಿಂತಿದ್ದವು. ಇಬ್ಬರೂ ನನ್ನನ್ನು ನೋಡಿ ನಕ್ಕರು. ಒಬ್ಬರಿಗೆ ತಿಳಿಯದಂತೆ ಒಬ್ಬರು ಇನ್ನೊಬ್ಬರ ಗಾಡಿಯತ್ತ ಸನ್ನೆ ಮಾಡಿದರು. ಯಾರ ಮಾತು ಮೀರುವುದೆಂದು ತಿಳಿಯದೆ ನಾನು ನಡೆದೇ ಮನೆ ಸೇರಿದೆ.