ಹೋಗಿ ಬಾ ಅಂದರೆ ಬರಬೇಕು

ನಮ್ಮ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಹೆಚ್ಚೇನೂ ಹೇಳಲಿಲ್ಲ. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ಹಿಮ ಎತ್ತುವ ಸಲಿಕೆಯನ್ನು ಮಾತ್ರ ಮುಟ್ಟಲೇಬೇಡಿ. ಮೊದಲ ಎರಡಕ್ಕೆ ಇವರು ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ಮೂರನೆಯದಕ್ಕೆ ಕಿಟಕಿಯ ಕಡೆ ನೋಡಿದರು. ಈ ಚಳಿಗಾಲ ಆಫೀಸಿನ ಕೆಲಸದ ಜೊತೆಗೆ ಈ ಮನುಷ್ಯನನ್ನು ಕಾಯುವ ಕೆಲಸವೂ ನನ್ನ ತಲೆಗೇ ಬಂತು ಅಂತ ನನಗೆ ಆಗಲೇ ಗೊತ್ತಾಯಿತು.

ಟೊರೊಂಟೊದ ಪೂರ್ವಕ್ಕೆ, ಏಜಾಕ್ಸ್‌ನಲ್ಲಿ ನಮ್ಮ ಮನೆ. ಬೀದಿಯಲ್ಲಿ ಎಲ್ಲರೂ ಕಾರು ಹೊರಬಂದರೆ ಸಾಕು ಎನ್ನುವಷ್ಟು ಹಿಮ ತೆಗೆಯುತ್ತಾರೆ. ನಮ್ಮವರದು ಹಾಗಲ್ಲ. ಇವರು ತೆಗೆದ ಡ್ರೈವ್‌ವೇಯ ಅಂಚು ಮೈಸೂರು ಪಾಕು ಕೊಯ್ದ ಹಾಗೆ ನೇರವಾಗಿರಬೇಕು. ಮೈಸೂರಿನವರು, ಅದರಲ್ಲೂ ಎಂಜಿನಿಯರು, ಕೇಳಬೇಕೆ! ನಾನು ಧಾರವಾಡದವಳು, ನನಗೆ ದಾರಿ ಇದ್ದರೆ ಸಾಕು. ಆಸ್ಪತ್ರೆಯಿಂದ ಬಂದ ವಾರವೇ ಸಲಿಕೆಯನ್ನು ಬೇಸ್‌ಮೆಂಟಿನ ನೀರಿನ ಹೀಟರಿನ ಹಿಂದೆ ಬಚ್ಚಿಟ್ಟು, ಪಕ್ಕದ ಮನೆಯ ಮಕ್ಕಳನ್ನು ಕೆಲಸಕ್ಕೆ ಗೊತ್ತು ಮಾಡಿದೆ. ಸುದ್ದಿ ಕೇಳಿ ಇವರ ಮುಖ ದಪ್ಪಗಾಯಿತು.

"ಮಕ್ಕಳ ಕೈಲಿ ಇಂಥ ಕೆಲಸ ಮಾಡಿಸ್ತಾರೇನೇ? ಅದರಲ್ಲೂ ಹೆಣ್ಮಗು ಹಿಮ ಎತ್ತೋದು, ನಾನು ಕುರ್ಚೀಲಿ ಕೂತು ಕಾಫಿ ಕುಡಿಯೋದಾ?"

"ಹೂಂನ್ರಿ, ಅದನ್ನ ಮಾಡ್ರಿ. ಕಾಫಿಗೆ ಸಕ್ರಿ ಹಾಕಂಗಿಲ್ಲ, ಅಷ್ಟ."

ಅಕ್ಕ ಹನ್ನೆರಡನೇ ಕ್ಲಾಸು, ತಮ್ಮ ಆಗಷ್ಟೇ ಹೈಸ್ಕೂಲು ಸೇರಿದ್ದ. ಜಮೈಕಾದಿಂದ ಬಂದ ಕುಟುಂಬ, ತಾಯಿ ನರ್ಸು. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದು ಅವರ ಮನೆಯಲ್ಲೂ ಇಲ್ಲವಂತೆ. ಹಾಗಾಗಿ ನಾವು ಮೊದಲ ದಿನದಿಂದಲೇ ಅಂಕಲ್, ಆಂಟಿ ಆದೆವು. ಮಕ್ಕಳ ಕೈಯಿಂದ ಸ್ವಲ್ಪ ಹೊತ್ತಾದರೂ ಫೋನು ಬಿಡಿಸಿದರೆ ನಿಮಗೆ ಪುಣ್ಯ ಬರುತ್ತದೆ ಎಂಬರ್ಥದ ಮಾತನ್ನು ಆ ತಾಯಿ ಹೇಳಿದರು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಎದ್ದರೆ ಬೀದಿಯೇ ಕಾಣದಷ್ಟು ಹಿಮ. ಇಬ್ಬರೂ ಸಲಿಕೆ ಹಿಡಿದು ಬಂದರು. ನಮ್ಮವರು ಕಾಫಿ ಕುಡಿಯಲಿಲ್ಲ, ಕುರ್ಚಿಯಲ್ಲೂ ಕೂರಲಿಲ್ಲ. ಕಿಟಕಿಯ ಹಿಂದೆ ನಿಂತು ಟ್ರಾಫಿಕ್ ಪೊಲೀಸಿನ ಹಾಗೆ ಕೈ ಬೀಸಿದರು. ಎಡಕ್ಕೆ ಎಸೆಯಿರಿ, ಗಾಳಿ ಆ ಕಡೆಯಿಂದ ಬೀಸುತ್ತಿದೆ, ಅಂಚು, ಅಂಚು! ಹುಡುಗ ಅದನ್ನೆಲ್ಲ ನಮಸ್ಕಾರ ಅಂದುಕೊಂಡು ತಿರುಗಿ ಕೈ ಬೀಸಿದ. ಅಂತೂ ಕೆಲಸ ಮುಗಿಯಿತು. ಇವರು ಬಾಗಿಲು ತೆರೆದು, ಅಂಚನ್ನು ಒಮ್ಮೆ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡರು.

"ವೆರಿ ಗುಡ್. ಗೋ ಆಂಡ್ ಕಮ್."

ಮಕ್ಕಳು ಪರಸ್ಪರ ಮುಖ ನೋಡಿಕೊಂಡು ಹೋದರು.

ಇದು ಇವರ ಹಳೆಯ ರೋಗ. ಆಫೀಸಿನ ಮೀಟಿಂಗಿನಲ್ಲಿ ಇಂಗ್ಲಿಷು ನೀರು ಕುಡಿದ ಹಾಗೆ ಮಾತಾಡುವ ಮನುಷ್ಯ, ಹೊಸ್ತಿಲಿನಲ್ಲಿ ಯಾರನ್ನಾದರೂ ಬೀಳ್ಕೊಡುವಾಗ ಮಾತ್ರ ಅಪ್ಪಟ ಕನ್ನಡಿಗ. ನಮ್ಮಲ್ಲಿ ಹೋಗುವವರಿಗೆ ಬರೀ ಹೋಗು ಅನ್ನುವುದುಂಟೆ? ಚಿಕ್ಕಂದಿನಲ್ಲಿ ನಾನು ಶಾಲೆಗೆ ಹೊರಟು "ಹೋಗ್ತೀನಿ" ಅಂದರೆ ನಮ್ಮಜ್ಜಿ ವಾಪಸ್ಸು ಕರೆದು, "ಬರ್ತೀನಿ ಅನ್ನು" ಅಂತ ಹೇಳಿಸಿಯೇ ಕಳಿಸುತ್ತಿದ್ದಳು. ಅದೆಲ್ಲ ಸರಿ. ಆದರೆ ಕೊರಿಯರ್ ತಂದವನಿಗೂ, ಮನೆ ಬಿಸಿ ಮಾಡುವ ಫರ್ನೇಸ್ ರಿಪೇರಿಯವನಿಗೂ ಗೋ ಆಂಡ್ ಕಮ್ ಅಂದರೆ ಹೇಗೆ? ಬರೀ ಬೈ ಅನ್ನಿ ಅಂತ ಎಷ್ಟು ಸಲ ಹೇಳಿದ್ದೆನೋ.

"ಬೈ ಅಂದ್ರೆ ಬೈದ ಹಾಗಿರುತ್ತೆ ಕಣೇ," ಅನ್ನುತ್ತಿದ್ದರು.

ಮಕ್ಕಳು ಹೋದ ಮೇಲೆ ನಾನು ಮಂಡಕ್ಕಿ ಗಿರ್ಮಿಟ್ ಮಾಡಲು ಈರುಳ್ಳಿ ಹುರಿಯುತ್ತ ನಿಂತೆ. ಒಲೆಯ ಮೇಲಿನ ಫ್ಯಾನಿನ ಸದ್ದಿನಲ್ಲಿ ಹೊರಗಿನದೇನೂ ಕೇಳಲಿಲ್ಲ. ಅಷ್ಟರಲ್ಲಿ ನಗರಸಭೆಯ ಹಿಮ ತಳ್ಳುವ ಗಾಡಿ ಬೀದಿಗೆ ಬಂದಿದೆ. ಆ ಗಾಡಿ ರಸ್ತೆಯನ್ನೇನೋ ಚೊಕ್ಕ ಮಾಡುತ್ತದೆ, ಆದರೆ ತಳ್ಳಿದ ಹಿಮವನ್ನೆಲ್ಲ ಪ್ರತಿ ಮನೆಯ ಡ್ರೈವ್‌ವೇಯ ಬಾಯಿಗೆ ಗೋಡೆಯ ಹಾಗೆ ಒಟ್ಟಿ ಹೋಗುತ್ತದೆ. ಹೂವಿನಂಥ ಹಿಮವಲ್ಲ ಅದು. ಮಂಜುಗಡ್ಡೆ, ಕೊಚ್ಚೆ, ರಸ್ತೆಗೆ ಎರಚಿದ ಉಪ್ಪು ಎಲ್ಲ ಕಲೆತು ಕಲ್ಲಿನ ಹಾಗೆ ಭಾರ. ಆಸ್ಪತ್ರೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಡಾಕ್ಟರು ಎಚ್ಚರಿಸಿದ್ದು ಈ ಗೋಡೆಯ ವಿಷಯವೇ.

ಗಿರ್ಮಿಟ್ ರುಚಿ ನೋಡಲಿ ಅಂತ ಇವರನ್ನು ಕರೆಯಲು ಬಂದರೆ ಕಿಟಕಿಯ ಹತ್ತಿರ ಯಾರೂ ಇಲ್ಲ. ಬೇಸ್‌ಮೆಂಟಿನ ದೀಪ ಉರಿಯುತ್ತಿದೆ. ಗ್ಯಾರೇಜಿನ ಬಾಗಿಲು ತೆರೆದಿದೆ. ಹೊರಗೆ ನೋಡಿದೆ. ನಮ್ಮವರು ಆ ಗೋಡೆಯ ಮುಂದೆ ಮೊಣಕಾಲು ಬಗ್ಗಿಸಿ, ಸಲಿಕೆಯನ್ನು ಅದರ ಬುಡಕ್ಕೆ ಚುಚ್ಚಿ ನಿಂತಿದ್ದಾರೆ.

ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ, ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಅಲ್ಲಿ ಡಾಕ್ಟರಿದ್ದರು. ಇಲ್ಲಿ ನಾನೊಬ್ಬಳೇ, ಕೈಯಲ್ಲಿ ಸೌಟು. ಮನೆಯ ಚಪ್ಪಲಿಯಲ್ಲೇ ಓಡಿದೆ.

"ರೀ! ಕೆಳಗ ಇಡ್ರಿ ಅದನ್ನ! ಇಡ್ರಿ ಅಂದೆ!"

ಗಾಳಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಇವರು ಇನ್ನೇನು ಎತ್ತಬೇಕು, ಅಷ್ಟರಲ್ಲಿ ಗೋಡೆಯ ಆಚೆ ಕಡೆ ಎರಡು ಉಣ್ಣೆಯ ಟೋಪಿಗಳು ಕಾಣಿಸಿದವು. ಸಲಿಕೆ ಹೆಗಲಿಗೇರಿಸಿಕೊಂಡು ಅಕ್ಕ ತಮ್ಮ ಇಬ್ಬರೂ ಬಂದು ನಿಂತಿದ್ದರು.

"ಅಂಕಲ್," ಅಂದಳು ಹುಡುಗಿ, "ವಿ ವೆಂಟ್. ಆಂಡ್ ವಿ ಕೇಮ್."

ಹುಡುಗಿ ಗೋಡೆ ನೋಡಿದಳು, ಇವರ ಕೈಯ ಸಲಿಕೆ ನೋಡಿದಳು, ಓಡಿಬರುತ್ತಿದ್ದ ನನ್ನನ್ನೂ ಸೌಟನ್ನೂ ನೋಡಿದಳು. ಎಲ್ಲ ಅರ್ಥವಾದವಳ ಹಾಗೆ, "ಓ, ಇದಕ್ಕಾ ಬರಲು ಹೇಳಿದ್ದು!" ಅಂತ ಇಂಗ್ಲಿಷಿನಲ್ಲಿ ಅಂದು, ಮೆಲ್ಲಗೆ ಇವರ ಕೈಯಿಂದ ಸಲಿಕೆ ತೆಗೆದುಕೊಂಡಳು.

"ಯೆಸ್, ಯೆಸ್," ಅಂದರು ಇವರು, ಬಹಳ ಗಾಂಭೀರ್ಯದಿಂದ. "ಅದಕ್ಕೇ."

ನಾನು ಕಾರಿಗೆ ಒರಗಿ ನಕ್ಕೆ. ನಗುತ್ತ ನಗುತ್ತ ಅತ್ತೆ. ಆಮೇಲೆ ಒಳಗೆ ಬಂದು ಬೈದೆ ನೋಡಿ, ಅದಕ್ಕೆ ಲೆಕ್ಕವಿಲ್ಲ. ಸಲಿಕೆ ಹೇಗೆ ಸಿಕ್ಕಿತು ಅಂತ ಕೇಳಿದರೆ, "ಮದುವೆಯಾದಾಗಿಂದ ನೀನು ಬಚ್ಚಿಡೋದೆಲ್ಲ ಹೀಟರಿನ ಹಿಂದೇನೇ ಕಣೇ. ನನ್ನ ಬರ್ತ್‌ಡೇ ಶರ್ಟೂ ಅಲ್ಲೇ ಇರ್ತಿತ್ತು," ಅಂದರು.

ಗೋಡೆ ಒಡೆದು ಮುಗಿಸಿದ ಮಕ್ಕಳನ್ನು ಒಳಗೆ ಕರೆದು, ಹುಡುಗಿಯ ಕೈಲೇ ಸಲಿಕೆಯನ್ನು ಮತ್ತೆ ಹೀಟರಿನ ಹಿಂದೆ ಇಡಿಸಿ, ಗಿರ್ಮಿಟ್ ಕೊಟ್ಟೆ. ಖಾರಕ್ಕೆ ಹುಡುಗನ ಮೂಗು, ಕಣ್ಣು ಎಲ್ಲ ಸೋರಿದವು, ಆದರೂ ತಟ್ಟೆ ಮುಂದೆ ಚಾಚಿದ. ಹುಡುಗಿ ನಡೆದದ್ದನ್ನು ಹೇಳಿದಳು. ಮನೆಗೆ ಹೋಗಿ ಬೂಟು ಕೂಡ ಬಿಚ್ಚದೆ ಕೂತಿದ್ದರಂತೆ. ಎಷ್ಟು ಹೊತ್ತು ಬಿಟ್ಟು ಬರಬೇಕು ಅಂತ ಅಂಕಲ್ ಹೇಳಿರಲಿಲ್ಲವಲ್ಲ! ಕೊನೆಗೆ ತಾಯಿಯೇ, ಹಿರಿಯರು ಬಾ ಅಂದಮೇಲೆ ಹೋಗಬೇಕು, ಏಳಿ ಅಂತ ಕಳಿಸಿದರಂತೆ. ನಾನು ಅವಳಿಗೆ ಹೋಗಿ ಬಾ ಅನ್ನುವುದರ ಅರ್ಥ ಬಿಡಿಸಿ ಹೇಳಿದೆ. ಹಾಗಾದರೆ ನೀವು ಯಾರಿಗೂ ಹೋಗು ಅನ್ನುವುದೇ ಇಲ್ಲವಾ ಅಂತ ಕೇಳಿದಳು.

"ಸಿಟ್ಟು ಬಂದಾಗ ಅಂತೀವಿ," ಅಂದೆ, ನಮ್ಮವರನ್ನು ನೋಡುತ್ತ.

ಅಲ್ಲಿಂದ ಅದೇ ಪದ್ಧತಿಯಾಯಿತು. ಹಿಮ ಬಿದ್ದಾಗಲೆಲ್ಲ ಮಕ್ಕಳು ಬರುತ್ತಾರೆ, ತೆಗೆಯುತ್ತಾರೆ, ಇವರು ಬಾಗಿಲಿಗೆ ಬಂದು ಗೋ ಆಂಡ್ ಕಮ್ ಅನ್ನುತ್ತಾರೆ, ಮಕ್ಕಳು ಹೋಗಿ, ಗಾಡಿ ಗೋಡೆ ಕಟ್ಟಿದ ಮೇಲೆ ಬಂದು ಒಡೆಯುತ್ತಾರೆ. ಫೆಬ್ರವರಿಯ ಹೊತ್ತಿಗೆ ಅಂಚೂ ನೇರವಾಯಿತು. ಎದುರು ಮನೆಯವರು ಹೊಗಳಿದರೆ ನಮ್ಮವರು ತಾವೇ ಮಾಡಿದ ಹಾಗೆ ಥ್ಯಾಂಕ್ಸ್ ಹೇಳುತ್ತಿದ್ದರು.

ಬೇಸಿಗೆಯಲ್ಲಿ ಹಿತ್ತಲ ಕೆಲಸಕ್ಕೂ ಅವರೇ ಬಂದರು. ಕಳೆ ಕೀಳು ಅಂದರೆ ಹುಡುಗ ನನ್ನ ಮೆಂತ್ಯದ ಪಾತಿಯನ್ನು ಬೇರುಸಮೇತ ಕಿತ್ತು, ಹಳದಿ ಹೂವು ಚೆಂದ ಕಾಣುತ್ತದೆ ಅಂತ ಡ್ಯಾಂಡೆಲಿಯನ್ ಕಳೆಯನ್ನೆಲ್ಲ ಉಳಿಸಿ, ಅದಕ್ಕೆ ನೀರನ್ನೂ ಹಾಕಿದ್ದ. "ಏನ್ ಮಾಡಿಟ್ಟೀಯೋ ನನ್ನಪ್ಪಾ!" ಅಂತ ಧಾರವಾಡದ ಗಂಟಲಿನಲ್ಲಿ ಕೂಗಿದೆ. ಕನ್ನಡ ಬಾರದ ಹುಡುಗನಿಗೆ ಒಂದಕ್ಷರವೂ ಬಿಡದಂತೆ ಅರ್ಥವಾಯಿತು. ಆ ರಾತ್ರಿ ಎರಡೂ ಮನೆಗೆ ಮೆಂತ್ಯದ ಪರಾಟ.

ಆಗಸ್ಟ್ ಕೊನೆಗೆ ಹುಡುಗಿ ದೂರದ ಹ್ಯಾಲಿಫ್ಯಾಕ್ಸಿಗೆ ಓದಲು ಹೊರಟಳು. ಹೇಳಿ ಹೋಗಲು ಬಂದಾಗ ನಮ್ಮವರು ಸುಮ್ಮನಿರದೆ, ಈ ಸಲ ಸಣ್ಣಪುಟ್ಟ ಹಿಮ ನಾನೇ ತೆಗೆಯುತ್ತೇನೆ, ನಿನ್ನ ತಮ್ಮನೊಬ್ಬನಿಗೇ ಕಷ್ಟವಾಗುತ್ತದೆ ಅಂದರು. ಡಾಕ್ಟರು ಇನ್ನೂ ಒಪ್ಪಿಲ್ಲ ಅಂತ ನಾನು ಕಣ್ಣಿನಲ್ಲೇ ಹೇಳಿದೆ. ಹುಡುಗಿ ಇಬ್ಬರನ್ನೂ ನೋಡಿದಳು. ಹೊಸ್ತಿಲಿಗೆ ಬಂದಾಗ ಇವರು ಅವಳ ಮುಖ ನೋಡದೆ ಬಾಗಿಲಿನ ಹಿಡಿ ಹಿಡಿದುಕೊಂಡರು. ಜೀವಮಾನದಲ್ಲಿ ಮೊದಲ ಸಲ, "ಬೈ," ಅಂದರು.

ಹುಡುಗಿ ಅಲ್ಲಾಡಲಿಲ್ಲ.

"ಅಂಕಲ್, ಅದಲ್ಲ."

ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಹೋಗಿ ಬಾಮ್ಮ," ಅಂದರು, ಕನ್ನಡದಲ್ಲೇ.

ಹೋದಳು. ಮನೆ ಬಿಕೋ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಅವಳೇ, ಹಿಂದೆ ತಮ್ಮ.

"ಯು ಸೆಡ್ ಗೋ ಆಂಡ್ ಕಮ್," ಅಂದವಳೇ ನೆಟ್ಟಗೆ ಬೇಸ್‌ಮೆಂಟಿಗೆ ಇಳಿದು, ಹೀಟರಿನ ಹಿಂದಿನಿಂದ ಸಲಿಕೆ ತಂದು ತಮ್ಮನ ಕೈಗೆ ಕೊಟ್ಟಳು. ತಾನು ತಿರುಗಿ ಬರುವ ತನಕ ಇದು ತಮ್ಮ ಮನೆಯಲ್ಲೇ ಇರುತ್ತದೆ ಅಂತ ತೀರ್ಪು ಕೊಟ್ಟಳು.

"ಅದು ನನ್ನದು ಕಣಮ್ಮಾ!" ಅಂತ ಇವರು ಹಿಂದೆಯೇ ಓಡಿದರು. ಕೇಳುವವರು ಯಾರು? ಸಲಿಕೆ ಹುಡುಗನ ಹೆಗಲೇರಿ ಆಗಲೇ ಅರ್ಧ ದಾರಿ ಹೋಗಿತ್ತು. ಹುಡುಗಿ ಡ್ರೈವ್‌ವೇಯ ತುದಿಯಲ್ಲಿ ನಿಂತು ತಿರುಗಿದಳು. ಕಲಿತ ಕನ್ನಡವನ್ನೆಲ್ಲ ಒಟ್ಟುಮಾಡಿ ಕೂಗಿದಳು.

"ಅಂಕಲ್, ಆಂಟಿ, ಹೋಗಿ ಬಾ!"

ಹೊರಟವರು ಅನ್ನಬೇಕಾದದ್ದು ಬರ್ತೀನಿ ಅಂತ. ತಿದ್ದಲು ನಾನು ಬಾಯಿ ತೆರೆದೆ. ನಮ್ಮವರು ನನ್ನ ಕೈ ಒತ್ತಿ ಸುಮ್ಮನಾಗಿಸಿದರು.

"ಆಯ್ತಮ್ಮಾ," ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು, "ಹೋಗಿ ಬರ್ತೀವಿ!"