ಮುತ್ತಮ್ಮನವರ ಬ್ಯಾಟರಿಯ ಕುಂಕುಮ

ನೆಲಮಂಗಲದಲ್ಲಿ ಗಾಡಿಗಳ ವೈರಿಂಗ್ ಮಾಡುವ ನಮ್ಮ ಚಿಕ್ಕಪ್ಪ ಸಿದ್ದರಾಜು ಕೂತಲ್ಲಿ ಕೂರುವವರಲ್ಲ. ಅವತ್ತಂತೂ ಮುತ್ತಮ್ಮನವರ ಹಳೇ ಕಾಲದ ಕಾರಿನ ಸುತ್ತ ತಿರುಗುತ್ತಲೇ ಇದ್ದರು. ಸಂಜೆ ಮದುಮಗಳಾದ ಮೊಮ್ಮಗಳನ್ನು ಅದರಲ್ಲೇ ಛತ್ರಕ್ಕೆ ಕರೆದೊಯ್ಯಬೇಕೆಂದು ಮುತ್ತಮ್ಮನವರ ಹಟ. ಡ್ಯಾಶ್‌ಬೋರ್ಡಿನ ದೀಪ ಹತ್ತದೆ ಸ್ಟೀರಿಂಗ್ ಮುಟ್ಟುವುದಿಲ್ಲವೆಂದು ಕಾರು ಓಡಿಸಬೇಕಿದ್ದ ಅವರ ಮಗನ ಹಟ.

ಚಿಕ್ಕಪ್ಪ ಬ್ಯಾಟರಿಯಿಂದ ಹೊಸ ವೈರು ಎಳೆದು ಎಲ್‌ಇಡಿ ಬಲ್ಬು ಹಾಕಿದ್ದರು. ಅದಕ್ಕೆ ಪ್ಲಸ್ಸು ಮೈನಸ್ಸು ಅದಲುಬದಲಾಗಬಾರದು. ಬಿಚ್ಚಿ ಮತ್ತೆ ಕಟ್ಟಿದರೂ ಹತ್ತಲಿಲ್ಲ.

"ಏನಪ್ಪಾ, ಮೊಮ್ಮಗಳ ಮಗು ನಾಮಕರಣಕ್ಕಾದ್ರೂ ಹತ್ತುತ್ತಾ?" ಎಂದರು ಮುತ್ತಮ್ಮ.

ಚಿಕ್ಕಪ್ಪ ಮತ್ತೆ ಬ್ಯಾಟರಿಯ ಹತ್ತಿರ ಹೋದರು. ಬ್ಯಾಟರಿಯ ಪ್ಲಸ್ಸಿಗೆ ಕೆಂಪು ಬಣ್ಣ ಹಾಕುವುದು ವಾಡಿಕೆ; ಒಂದು ತುದಿ ಕೆಂಪಗಿದ್ದುದರಿಂದ ಅದೇ ಪ್ಲಸ್ಸು ಎಂದುಕೊಂಡಿದ್ದರು. ಬಗ್ಗಿ ನೋಡಿದರೆ ಅದು ಆಯುಧಪೂಜೆಯ ಕುಂಕುಮ. ಒರೆಸಲು ಬಟ್ಟೆಯ ಚೂರು ಕೈಗೆತ್ತಿಕೊಂಡರು.

"ಲೋ, ಮದುವೆ ದಿನ ಕುಂಕುಮ ಒರೆಸ್ತೀಯಾ!"

"ಅದರಡಿ ಗುರುತು ನೋಡ್ಬೇಕಮ್ಮಾ. ಇಲ್ದಿದ್ರೆ ದೀಪ ಹತ್ತಲ್ಲ."

ಚಿಕ್ಕಪ್ಪನ ಕೈ ಅಲ್ಲೇ ನಿಂತಿತು. ಮುತ್ತಮ್ಮ ಇಳಿಬಿಸಿಲನ್ನೊಮ್ಮೆ ನೋಡಿ, ತಮ್ಮ ಸೆರಗಿನಿಂದ ತಾವೇ ಒರೆಸಿದರು. ಅಡಿಯಲ್ಲಿ ಮೈನಸ್ ಗುರುತಿತ್ತು.

ವೈರು ಅದಲುಬದಲು ಮಾಡಿದೊಡನೆ ದೀಪ ಹತ್ತಿತು. ಮುತ್ತಮ್ಮ ಒಳಗಿನಿಂದ ಕುಂಕುಮದ ಬಟ್ಟಲು ತಂದರು.

"ಈಗ ಎಲ್ಲಿಗಿಡ್ಲಪ್ಪಾ?"

"ಪ್ಲಸ್ಸಿಗೇ ಇಡಿ ಅಮ್ಮಾ. ಮುಂದೆ ನನ್ನಂಥೋನೇ ಇನ್ನೊಬ್ಬ ಬಂದಾನು."